ಇದೇ ತಳವೆಂದು ಹೇಳಿದವರು ಯಾರು?

ಅಂದಾಜಿನ ಲೆಕ್ಕ ಬರೆಯುವ ಕಿರಿಯ ಎಂಜಿನಿಯರುಗಳಿಗೆ ಒಂದು ಬಹಿರಂಗ ಪತ್ರ



ಸ್ಕ್ಯಾನರ್ ತಂದುಕೊಟ್ಟ ಬಿಂದುಗಳ ರಾಶಿಯನ್ನು ಒಂದಕ್ಕೊಂದು ಕೂಡಿಸುವವರು, ಡ್ರೋನ್ ತೆಗೆದ ಚಿತ್ರಗಳಿಂದ ನೆಲದ ನಕ್ಷೆ ಹೊಲಿಯುವವರು, ಗೋದಾಮಿನ ರೋಬೋಟಿಗೆ ಅದು ನಿಂತ ಜಾಗ ತಿಳಿಸಿಕೊಡುವವರು, ಉಪಗ್ರಹ ಯಾವ ಕಡೆ ಮುಖ ಮಾಡಿದೆಯೆಂದು ಲೆಕ್ಕ ಹಾಕುವವರು, ನಿಮ್ಮೆಲ್ಲರಿಗೂ ಸೇರಿಸಿ ಈ ಪತ್ರ. ನಿಮ್ಮ ಕೆಲಸಗಳ ಹೆಸರು ಬೇರೆ ಬೇರೆ, ಒಳಗಿನ ಲೆಕ್ಕ ಒಂದೇ: ತಪ್ಪುಒಪ್ಪು ಬೆರೆತ ಅಳತೆಗಳಿಂದ ಒಂದು ವಸ್ತುವಿನ ನಿಜವಾದ ಸ್ಥಾನವನ್ನೂ ತಿರುವನ್ನೂ ಅಂದಾಜು ಮಾಡುವುದು. ನಾನೂ ಬಹಳ ವರ್ಷ ಅದನ್ನೇ ಮಾಡಿದವನು. ಬುದ್ಧಿ ಹೇಳುವ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯ ಹಳೆಯ ಕಲ್ಯಾಣಿಯನ್ನು ಲೇಸರ್ ಸ್ಕ್ಯಾನರಿನಲ್ಲಿ ಅಳೆದು ನಕ್ಷೆ ಮಾಡಿಕೊಡಲು ಒಪ್ಪಿದ್ದೆ. ಬೇಸಿಗೆಯ ದಿನ, ನೀರು ಪೂರ್ತಿ ಇಂಗಿತ್ತು. ಮೂರು ಕಡೆ ಕಟ್ಟೆ ಕುಸಿದು ಪೊದೆ ಬೆಳೆದಿತ್ತು. ಪೂರ್ವದ ಕಡೆ ಮಾತ್ರ ಮೆಟ್ಟಿಲುಗಳು ಗಟ್ಟಿಯಾಗಿ ಉಳಿದಿದ್ದವು. ಒಂದು ಸ್ಕ್ಯಾನ್ ಮೇಲಿನ ದಂಡೆಯಿಂದ ತೆಗೆದೆ. ಅದರಲ್ಲಿ ಕೆಳಗಿನ ಮೆಟ್ಟಿಲುಗಳು ಜೊಂಡಿನ ಮರೆಯಲ್ಲಿದ್ದವು. ಇನ್ನೊಂದನ್ನು ತಳದ ಒಣ ಕೆಸರಿನ ಮೇಲೆ ನಿಂತು ತೆಗೆದೆ. ಅದರಲ್ಲಿ ಮೇಲಿನ ಮೆಟ್ಟಿಲುಗಳಿಗೆ ಬಾಗಿದ ಹೊಂಗೆ ಕೊಂಬೆ ಅಡ್ಡ. ಎರಡಕ್ಕೂ ಸಾಮಾನ್ಯವಾಗಿ ಸಿಕ್ಕಿದ್ದು ನಡುವಿನ ಏಳೆಂಟು ಮೆಟ್ಟಿಲು. ರಾತ್ರಿ ಕೂತು ಎರಡನ್ನೂ ಕೂಡಿಸುವ ಪ್ರೋಗ್ರಾಂ ಓಡಿಸಿದೆ. ‘ಕನ್ವರ್ಜ್ ಆಯಿತು, ಸರಾಸರಿ ದೋಷ 4 ಮಿಲಿಮೀಟರ್’ ಎಂದು ಪರದೆ ಹೇಳಿತು. ಚಿತ್ರವೂ ಚೆಂದವಾಗಿತ್ತು. ನೆಮ್ಮದಿಯಾಗಿ ಮಲಗಿದೆ.

ಮರುವಾರ ದೇವಸ್ಥಾನದ ಜಗಲಿಯ ಮೇಲೆ ಪ್ರಿಂಟ್ ಹರಡಿ ಊರವರಿಗೆ ತೋರಿಸಿದೆ. ಪ್ರತಿವರ್ಷ ಜಾತ್ರೆಗೆ ಮುಂಚೆ ಕಲ್ಯಾಣಿಯ ಹೂಳೆತ್ತಿ ಗುಡಿಸುವ ಹಿರಿಯರೊಬ್ಬರು ಬಗ್ಗಿ ನೋಡಿದರು. ಕಾಗದದ ಮೇಲೆ ಬೆರಳಿಟ್ಟು ಕೆಳಗಿನಿಂದ ಮೇಲಕ್ಕೆ ಎಣಿಸಿದರು. ಮತ್ತೆ ಮೇಲಿನಿಂದ ಕೆಳಕ್ಕೆ ಎಣಿಸಿದರು. ಆಮೇಲೆ ನನ್ನ ಮುಖ ನೋಡಿ, “ಸ್ವಾಮೀ, ನಮ್ಮ ಕಲ್ಯಾಣಿಗೆ ಇರೋದು ಹದಿನೆಂಟೇ ಮೆಟ್ಲು. ನೀವು ಹತ್ತೊಂಬತ್ತು ಕಟ್ಟಿದೀರಲ್ಲ!” ಅಂದರು. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕಂತೆ ಮಾಡಿದೆ.

ಆಗಿದ್ದಿಷ್ಟು. ಮೆಟ್ಟಿಲುಗಳೆಲ್ಲ ಹೆಚ್ಚುಕಡಿಮೆ ಒಂದೇ ಎತ್ತರ, ಒಂದೇ ಅಗಲ. ಒಂದು ಸ್ಕ್ಯಾನು ಇನ್ನೊಂದರ ಮೇಲೆ ಸರಿಯಾಗಿ ಒಂದು ಮೆಟ್ಟಿಲು ಜಾರಿ ಕೂತಿತ್ತು. ಕಲ್ಲಿನ ಮೇಲೆ ಕಲ್ಲು ಕೂತಿದ್ದರಿಂದ ದೋಷದ ಅಂಕಿ ಸಣ್ಣದಾಗಿಯೇ ಬಂತು. ಒಂದು ಮೆಟ್ಟಿಲಿನ ಪಕ್ಕದಲ್ಲಿ ದೀಪ ಇಡುವ ಪುಟ್ಟ ಗೂಡೊಂದಿತ್ತು. ಆ ಗೂಡಿನ ಬಿಂದುಗಳು ಮಾತ್ರ ಹೊಂದುತ್ತಿರಲಿಲ್ಲ, ಪ್ರೋಗ್ರಾಂ ಅವನ್ನು ‘ಔಟ್‌ಲೈಯರ್’ ಎಂದು ಎತ್ತಿ ಹೊರಗೆ ಹಾಕಿತ್ತು. ನಿಜ ಹೇಳುತ್ತಿದ್ದ ಸಾಕ್ಷಿಯನ್ನೇ ಕಟಕಟೆಯಿಂದ ಇಳಿಸಿ ತೀರ್ಪು ಬರೆದ ಹಾಗೆ. ಮನೆಗೆ ಬಂದು ಕೈಯಿಂದಲೇ ಒಂದು ಮೆಟ್ಟಿಲು ಸರಿಸಿ ಮತ್ತೆ ಓಡಿಸಿದೆ. ಗೂಡು ಗೂಡಿಗೆ ಕೂತಿತು, ದೋಷ 3 ಮಿಲಿಮೀಟರಿಗೆ ಇಳಿಯಿತು. ಅಂದರೆ ಇನ್ನೂ ಒಳ್ಳೆಯ ಉತ್ತರ ಪಕ್ಕದಲ್ಲೇ ಇತ್ತು. ನನ್ನ ಪ್ರೋಗ್ರಾಮಿಗೆ ಅದು ಕಾಣಲಿಲ್ಲ. ಕಾಣಲಿಲ್ಲ ಎಂಬುದು ನನಗೂ ತಿಳಿಯಲಿಲ್ಲ. ಈ ಪತ್ರ ಬರೆಸುತ್ತಿರುವುದು ಈ ಎರಡನೆಯ ಮಾತು.

ನಾನು ಓಡಿಸಿದ್ದು ನೀವೆಲ್ಲ ದಿನವೂ ಓಡಿಸುವ ಐಸಿಪಿ. 1992ರಲ್ಲಿ ಜನರಲ್ ಮೋಟರ್ಸ್‌ನ ಸಂಶೋಧನಾಲಯದ ಪಾಲ್ ಬೆಸ್ಲ್ ಮತ್ತು ನೀಲ್ ಮೆಕೇ ಪ್ರಕಟಿಸಿದ ವಿಧಾನ. ಬೀಜ–ವೃಕ್ಷದ ಜಗಳವನ್ನು ಅದು ಸರಳವಾಗಿ ಬಿಡಿಸುತ್ತದೆ. ಯಾವ ಬಿಂದುವಿಗೆ ಯಾವ ಬಿಂದು ಜೋಡಿ ಎಂದು ಗೊತ್ತಿದ್ದರೆ ತಿರುವನ್ನು ಕಂಡುಹಿಡಿಯಬಹುದು, ತಿರುವು ಗೊತ್ತಿದ್ದರೆ ಜೋಡಿಗಳನ್ನು ಕಂಡುಹಿಡಿಯಬಹುದು. ಎರಡೂ ಗೊತ್ತಿಲ್ಲದಾಗ ಹತ್ತಿರದ ಬಿಂದುವನ್ನೇ ಜೋಡಿ ಎಂದುಕೊಂಡು ತಿರುಗಿಸು, ಮತ್ತೆ ಹತ್ತಿರದ್ದನ್ನು ಹುಡುಕು, ಮತ್ತೆ ತಿರುಗಿಸು. ಪ್ರತಿ ಸುತ್ತಿನಲ್ಲೂ ದೋಷ ಇಳಿಯುತ್ತದೆ, ಏರುವುದಿಲ್ಲ. ಇಳಿಯಲು ಇನ್ನು ಜಾಗವಿಲ್ಲ ಎಂದಾಗ ನಿಲ್ಲುತ್ತದೆ. ದಟ್ಟ ಮಂಜಿನಲ್ಲಿ ಘಟ್ಟ ಇಳಿಯುವವನ ಪಾಡು ಇದು. ಸುತ್ತ ಕಾಲಿಟ್ಟ ಕಡೆಯೆಲ್ಲ ಏರು ಸಿಕ್ಕರೆ ಬುಡ ತಲುಪಿದೆ ಎಂದುಕೊಳ್ಳುತ್ತಾನೆ. ಮಂಜು ಸರಿದಾಗ ನೋಡಿದರೆ ಅರ್ಧ ಘಟ್ಟದ ಒಂದು ತಗ್ಗಿನಲ್ಲಿ ನಿಂತಿರುತ್ತಾನೆ. ಇದೇ ತಳವೆಂದು ಅವನಿಗೆ ಹೇಳಿದವರು ಯಾರು? ಯಾರೂ ಹೇಳಲಿಲ್ಲ, ಅವನೇ ಅಂದುಕೊಂಡ.

ಐಸಿಪಿಯನ್ನು ಬೈಯುವುದಕ್ಕೆ ನಾನು ಕೂತಿಲ್ಲ. ಆರಂಭದ ಊಹೆ ಚೆನ್ನಾಗಿದ್ದರೆ ಅದರಷ್ಟು ನಂಬುಗೆಯ ಆಳು ಇಲ್ಲ. ಆದರೆ ‘ಇಳಿಯುವುದು ನಿಂತಿತು’ ಎನ್ನುವುದಕ್ಕೂ ‘ತಳ ಮುಟ್ಟಿತು’ ಎನ್ನುವುದಕ್ಕೂ ನಡುವೆ ಇರುವ ಅಂತರವನ್ನು ಅಳೆಯುವ ಗಣಿತ ಒಂದಿದೆ. ಅದನ್ನು ಕಾನ್ವೆಕ್ಸ್ ರಿಲ್ಯಾಕ್ಸೇಷನ್ ಎನ್ನುತ್ತಾರೆ. ಶಾಲೆಯಲ್ಲಿ ಪೀನ ಮಸೂರ ಓದಿದ್ದೇವಲ್ಲ, ಆ ಮಾತು ಹಿಡಿದು ಪೀನ ಸಡಿಲಿಕೆ ಎಂದು ಕರೆಯೋಣ. ಹೆಸರು ಗಡುಸು, ವಿಷಯ ಅಡುಗೆಮನೆಯಲ್ಲಿ ಮುಗಿಯುವಂಥದ್ದು.

ಒಂದು ಬಳೆ, ಒಂದು ಊಟದ ತಟ್ಟೆ ತೆಗೆದುಕೊಳ್ಳಿ. ಬಳೆ ತಟ್ಟೆಯ ಅಂಚಿನ ಮೇಲೆ ಸರಿಯಾಗಿ ಕೂರುವ ಅಳತೆಯದಾಗಿರಲಿ. ಒಂದು ಚಿತ್ರವನ್ನು ಸಮತಲದ ಮೇಲೆ ಎಷ್ಟು ತಿರುಗಿಸಬೇಕು ಎಂಬ ಪ್ರಶ್ನೆಗೆ ಉತ್ತರ ಒಂದು ಕೋನ. ಆ ಕೋನದ ಕೊಸೈನ್ ಒಂದು ಅಂಕಿ, ಸೈನ್ ಇನ್ನೊಂದು. ಎರಡರ ವರ್ಗ ಕೂಡಿದರೆ 1. ಹಾಗಾಗಿ ಉತ್ತರ ಯಾವಾಗಲೂ ಬಳೆಯ ಮೇಲೆ ಎಲ್ಲೋ ಇರುತ್ತದೆ. ಬಳೆ ಪೀನ ಆಕೃತಿಯಲ್ಲ: ಅದರ ಮೇಲಿನ ಎರಡು ಬಿಂದುಗಳ ನಡುವೆ ಗೆರೆ ಎಳೆದರೆ ಗೆರೆ ಖಾಲಿ ಜಾಗದಲ್ಲಿ ಹಾದುಹೋಗುತ್ತದೆ. ತಟ್ಟೆ ಪೀನ: ಅದರ ಮೇಲಿನ ಯಾವ ಎರಡು ಬಿಂದು ಹಿಡಿದರೂ ನಡುವಿನ ಗೆರೆ ತಟ್ಟೆಯೊಳಗೇ ಇರುತ್ತದೆ. ಈಗ ‘ಉತ್ತರ ಬಳೆಯ ಮೇಲೇ ಇರಬೇಕು’ ಎಂಬ ನಿಯಮವನ್ನು ಸಡಿಲಿಸಿ ‘ತಟ್ಟೆಯ ಮೇಲೆ ಎಲ್ಲಿದ್ದರೂ ಆಯಿತು’ ಎನ್ನಿ. ವರ್ಗಗಳ ಮೊತ್ತ 1 ಆಗಲೇಬೇಕಿಲ್ಲ, 1ನ್ನು ಮೀರದಿದ್ದರೆ ಸಾಕು. ಸಡಿಲಿಕೆ ಎಂದರೆ ಇಷ್ಟೇ.

ಇನ್ನು ದೋಷದ ಲೆಕ್ಕ. ಜೋಡಿಗಳು ಗೊತ್ತಿದ್ದು, ತಿರುಗಿಸಿದ ಬಿಂದುವಿಗೂ ಗುರಿಯ ಬಿಂದುವಿಗೂ ಇರುವ ದೂರದ ವರ್ಗಗಳನ್ನು ಕೂಡಿದಿರಿ ಅನ್ನಿ. ತಿರುಗಿಸಿದರೆ ಉದ್ದ ಬದಲಾಗದ ಕಾರಣ ವರ್ಗದ ಪದಗಳೆಲ್ಲ ಸ್ಥಿರ. ಉಳಿಯುವುದು ಕೊಸೈನ್‌ನ ಇಷ್ಟು ಪಾಲು, ಸೈನ್‌ನ ಇಷ್ಟು ಪಾಲು ಎಂಬ ನೇರ ಲೆಕ್ಕ. ಅಂದರೆ ದೋಷ ಒಂದು ಇಳಿಜಾರು. ತಟ್ಟೆಯನ್ನು ಒಂದು ಕಡೆಗೆ ಓರೆ ಮಾಡಿದ ಹಾಗೆ. ಓರೆ ಮಾಡಿದ ತಟ್ಟೆಗೆ ಒಂದು ಕಡಲೆಕಾಳು ಬಿಡಿ. ಎಲ್ಲಿ ಬಿಟ್ಟರೂ ಅದು ಉರುಳಿ ಅಂಚಿಗೆ ಹೋಗಿ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಅಂಚೆಂದರೆ ಬಳೆ ತಾನೆ? ನಾವು ನಿಯಮ ಸಡಿಲಿಸಿದೆವು, ಉತ್ತರ ತಾನಾಗಿ ನಿಯಮಕ್ಕೆ ಮರಳಿತು. ಇಂಥ ಸಡಿಲಿಕೆಯನ್ನು ‘ಬಿಗಿ’ ಎನ್ನುತ್ತಾರೆ. ಸಡಿಲ ಮಾಡಿದ್ದು ಬಿಗಿಯಾಗಿ ಕೂತಿತು ಎಂಬ ವಿಚಿತ್ರ ಮಾತು ಇಡೀ ಕ್ಷೇತ್ರದ ಪ್ರಾಣ.

ಮೂರು ಆಯಾಮದಲ್ಲಿ ಇದೇ ಪ್ರಶ್ನೆಯನ್ನು 1965ರಲ್ಲಿ ಗ್ರೇಸ್ ವಾಬಾ ಎತ್ತಿದರು. ಆಗ ಅವರು ಐಬಿಎಂನಲ್ಲಿದ್ದರು. ‘ಸಿಯಾಮ್ ರಿವ್ಯೂ’ ಪತ್ರಿಕೆಯ ಸಮಸ್ಯೆಗಳ ವಿಭಾಗದಲ್ಲಿ ಅವರು ಹಾಕಿದ ಪ್ರಶ್ನೆ ಉಪಗ್ರಹದ್ದು: ಕೆಲವು ದಿಕ್ಕುಗಳು ಆಕಾಶದ ಲೆಕ್ಕದಲ್ಲಿ ಗೊತ್ತು, ಅವೇ ದಿಕ್ಕುಗಳು ಉಪಗ್ರಹದ ಕಣ್ಣಿಗೆ ಹೇಗೆ ಕಂಡವೆಂಬುದೂ ಗೊತ್ತು, ಹಾಗಾದರೆ ಉಪಗ್ರಹ ಹೇಗೆ ತಿರುಗಿ ನಿಂತಿದೆ? ಪಾಲ್ ಡೇವನ್‌ಪೋರ್ಟ್ ಈ ಪ್ರಶ್ನೆಯನ್ನು ನಾಲ್ಕು ಅಡ್ಡಸಾಲು, ನಾಲ್ಕು ಕಂಬಸಾಲಿನ ಒಂದು ಕೋಷ್ಟಕಕ್ಕೆ ಇಳಿಸಿದರು. ಆ ಕೋಷ್ಟಕದ ಅತಿ ದೊಡ್ಡ ಐಗನ್ ಮೌಲ್ಯಕ್ಕೆ ಸೇರಿದ ಸದಿಶವೇ ಉತ್ತರ. ಇದನ್ನು ವೇಗಗೊಳಿಸಿ ಮಾಲ್ಕಮ್ ಶುಸ್ಟರ್ ಮಾಡಿದ ‘ಕ್ವೆಸ್ಟ್’ ಎಂಬ ವಿಧಾನ 1979ರಲ್ಲಿ ಹಾರಿದ ಮ್ಯಾಗ್‌ಸ್ಯಾಟ್ ಉಪಗ್ರಹಕ್ಕಾಗಿ ಹುಟ್ಟಿದ್ದು. ನಮ್ಮ ಬೆಂಗಳೂರಿನ ಪೀಣ್ಯದಲ್ಲಿ, 1975ರ ಆರ್ಯಭಟ ಉಪಗ್ರಹ ರೂಪುಗೊಂಡ ಜಾಗದಲ್ಲೇ ಇರುವ ಇಸ್ರೋದ ಎಲೆಕ್ಟ್ರೋ-ಆಪ್ಟಿಕ್ಸ್ ಪ್ರಯೋಗಾಲಯ ನಕ್ಷತ್ರ ಸಂವೇದಕಗಳನ್ನು ಮಾಡುತ್ತದೆ. ಅಂಥ ಸಂವೇದಕ ನಕ್ಷತ್ರಗಳ ಚಿತ್ರ ತೆಗೆದು, ಪಟ್ಟಿಯಲ್ಲಿರುವ ನಕ್ಷತ್ರಗಳೊಂದಿಗೆ ಹೋಲಿಸಿ ಉತ್ತರಿಸುವುದು ವಾಬಾ ಕೇಳಿದ ಪ್ರಶ್ನೆಯನ್ನೇ. ಅಲ್ಲಿ ಮಂಜಿನಲ್ಲಿ ಘಟ್ಟ ಇಳಿಯುವ ಪ್ರಶ್ನೆಯೇ ಬರುವುದಿಲ್ಲ. ಆ ನಾಲ್ಕು ಅಂಕಿಗಳ ಉತ್ತರಕ್ಕೂ, ಅಂದರೆ ನಾಲ್ಕು ಆಯಾಮದ ಗೋಳದ ಮೇಲೂ, ತಟ್ಟೆಯ ಉಪಾಯ ನಡೆಯುತ್ತದೆ.

ಹಾಗಾದರೆ ಕಷ್ಟ ಎಲ್ಲಿದೆ? ಜೋಡಿಗಳು ಸುಳ್ಳಾಗಿರುವಲ್ಲಿ.

ಕಲ್ಯಾಣಿಯ ಈ ಮೂಲೆಯನ್ನು ಆ ಮೂಲೆ ಎಂದುಕೊಂಡರೆ, ಹಗಲಿನ ಚಿತ್ರದ ಕಂಬವನ್ನು ಸಂಜೆಯ ಚಿತ್ರದ ಪಕ್ಕದ ಕಂಬಕ್ಕೆ ಜೋಡಿಸಿದರೆ, ವರ್ಗ ಮಾಡಿ ಕೂಡುವ ಲೆಕ್ಕದಲ್ಲಿ ಒಂದೇ ಒಂದು ದೊಡ್ಡ ಸುಳ್ಳು ಹತ್ತು ಸಣ್ಣ ನಿಜಗಳನ್ನು ಎಳೆದುಕೊಂಡು ಹೋಗುತ್ತದೆ. ಇದಕ್ಕೆ ಹಳೆಯ ಮದ್ದು ರ‍್ಯಾನ್ಸ್ಯಾಕ್, 1981ರಲ್ಲಿ ಫಿಶ್ಲರ್ ಮತ್ತು ಬೋಲ್ಸ್ ಕೊಟ್ಟಿದ್ದು. ಕಣ್ಣುಮುಚ್ಚಿ ಮೂರು ಜೋಡಿ ಎತ್ತು, ತಿರುವು ಲೆಕ್ಕ ಹಾಕು, ಎಷ್ಟು ಜೋಡಿಗಳು ಒಪ್ಪುತ್ತವೆ ನೋಡು, ಮತ್ತೆ ಎತ್ತು. ನೂರರಲ್ಲಿ ಐವತ್ತು ಜೋಡಿ ನಿಜವಾಗಿದ್ದರೆ ಎಂಟು ಸಲಕ್ಕೆ ಒಮ್ಮೆ ಮೂರೂ ಒಳ್ಳೆಯವು ಸಿಗುತ್ತವೆ. ನೂರಕ್ಕೆ ಐದೇ ನಿಜವಾದರೆ 8,000 ಸಲಕ್ಕೆ ಒಮ್ಮೆ. ನೂರಕ್ಕೆ ಒಂದಾದರೆ 10 ಲಕ್ಷ ಸಲಕ್ಕೆ ಒಮ್ಮೆ. ಸಿಕ್ಕಮೇಲೂ ಅದೇ ಅತ್ಯುತ್ತಮ ಎಂಬುದಕ್ಕೆ ಚೀಟಿ ಎತ್ತಿದವನ ಮಾತಲ್ಲದೆ ಬೇರೆ ಖಾತ್ರಿಯಿಲ್ಲ.

ಪೀನ ಸಡಿಲಿಕೆಯವರು ಬೇರೆ ದಾರಿ ಹಿಡಿದರು. ಪ್ರತಿ ಜೋಡಿಗೂ ಒಂದು ಗುರುತು ಹಚ್ಚಿ: ನಂಬುವಂಥದ್ದಾದರೆ +1, ಅಲ್ಲವಾದರೆ −1. ನಂಬಿದ ಜೋಡಿಯ ದೋಷ ಲೆಕ್ಕಕ್ಕೆ ಸೇರುತ್ತದೆ. ನಂಬದ್ದಕ್ಕೆ ಎಷ್ಟೇ ದೂರವಿದ್ದರೂ ಒಂದು ನಿಗದಿತ ದಂಡ ಕಟ್ಟಿ ಕೈತೊಳೆದುಕೊಳ್ಳುತ್ತೇವೆ. ಸಂತೆಯಲ್ಲಿ ಕೊಳೆತ ಮಾವಿನಹಣ್ಣನ್ನು ಅದರ ಬೆಲೆಯಷ್ಟು ಕಳೆದುಕೊಂಡು ಎಸೆಯುವುದಿಲ್ಲವೇ, ಹಾಗೆ. ಆದರೆ ನೂರು ಜೋಡಿಗಳಿದ್ದರೆ ಗುರುತು ಹಚ್ಚುವ ಬಗೆಗಳು 2ರ 100ನೇ ಘಾತದಷ್ಟು. ಒಂದೊಂದಾಗಿ ನೋಡುತ್ತ ಕೂತರೆ ಯುಗಗಳು ಸಾಲವು.

ಇಲ್ಲಿಂದ ಉಪಾಯದ ಎರಡನೇ ಮೆಟ್ಟಿಲು. ಗೊತ್ತಿಲ್ಲದ ಅಂಕಿಗಳನ್ನು ಒಂದು ಪಟ್ಟಿಯಾಗಿ ಬರೆಯಿರಿ. ಪಟ್ಟಿಯ ಪ್ರತಿ ಅಂಕಿಯನ್ನು ಪ್ರತಿ ಅಂಕಿಯೊಂದಿಗೆ ಗುಣಿಸಿ, ಮಗ್ಗಿಯ ಹಾಳೆಯಂತೆ ಒಂದು ಚೌಕ ಕೋಷ್ಟಕ ಮಾಡಿ. ಪಟ್ಟಿಯಲ್ಲಿ ವರ್ಗಗಳಾಗಿ, ಗುಣಾಕಾರಗಳಾಗಿ ಕಾಡುತ್ತಿದ್ದ ನಿಯಮಗಳೆಲ್ಲ ಕೋಷ್ಟಕದಲ್ಲಿ ನೇರ ನಿಯಮಗಳಾಗಿಬಿಡುತ್ತವೆ. ಕಾಟ ಕೊಡುವ ನಿಯಮ ಒಂದೇ ಉಳಿಯುತ್ತದೆ: ಈ ಕೋಷ್ಟಕ ಒಂದೇ ಪಟ್ಟಿಯಿಂದ ಹುಟ್ಟಿರಬೇಕು, ಗಣಿತದ ಮಾತಿನಲ್ಲಿ ಅದರ ರ‍್ಯಾಂಕ್ 1 ಆಗಿರಬೇಕು. ಆ ನಿಯಮವನ್ನು ಕೈಬಿಡಿ. ಬದಲಿಗೆ ಕೋಷ್ಟಕದ ಐಗನ್ ಮೌಲ್ಯಗಳು ಋಣವಾಗಬಾರದು ಎಂಬ ಸೌಮ್ಯ ನಿಯಮ ಇಟ್ಟುಕೊಳ್ಳಿ. ಬಳೆ ಹೋಗಿ ತಟ್ಟೆ ಬಂತು. ಇದನ್ನು ಸೆಮಿಡೆಫಿನಿಟ್ ಪ್ರೋಗ್ರಾಮಿಂಗ್ ಎನ್ನುತ್ತಾರೆ.

ಈ ದಾರಿ ರೋಬೋಟುಗಳಿಗಾಗಿ ಹುಟ್ಟಿದ್ದಲ್ಲ. 1979ರಲ್ಲಿ ಲಾಸ್ಲೋ ಲೊವಾಸ್ ಸಂದೇಶ ಕಳಿಸುವ ಗ್ರಾಫ್‌ಗಳ ಸಾಮರ್ಥ್ಯ ಅಳೆಯುವಾಗ ಇಂಥದ್ದನ್ನು ಬಳಸಿದರು. 1980ರ ದಶಕದಲ್ಲಿ ಕೀವ್‌ನ ನೌಮ್ ಶೋರ್ ವರ್ಗಪದಗಳ ಸಮಸ್ಯೆಗಳಿಗೆಲ್ಲ ಇದನ್ನು ಸಾಮಾನ್ಯ ಸೂತ್ರ ಮಾಡಿದರು. ಗ್ವಾಲಿಯರಿನಲ್ಲಿ ಹುಟ್ಟಿದ ನರೇಂದ್ರ ಕರ್ಮಾರ್ಕರ್ 1984ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿದ್ದಾಗ ರೇಖೀಯ ಸಮಸ್ಯೆಗಳನ್ನು ಆಕೃತಿಯ ಒಳಗಿನಿಂದ ಹಾದು ಬಿಡಿಸುವ ದಾರಿ ತೋರಿಸಿದರು. ಆ ಜಾಡನ್ನು ನೆಸ್ಟೆರೋವ್ ಮತ್ತು ನೆಮಿರೋವ್‌ಸ್ಕಿ ಇಂಥ ಕೋಷ್ಟಕಗಳವರೆಗೆ ಬೆಳೆಸಿದ ಮೇಲೆ ಕಾಗದದ ಮೇಲಿದ್ದ ಸೂತ್ರ ಕಂಪ್ಯೂಟರಿಗೆ ಇಳಿಯಿತು. 1994ರಲ್ಲಿ ಗೋಮನ್ಸ್ ಮತ್ತು ವಿಲಿಯಮ್ಸನ್ ಒಂದು ಜಾಲವನ್ನು ಎರಡು ಬಣವಾಗಿ ಒಡೆಯುವ ಕಷ್ಟದ ಸಮಸ್ಯೆಗೆ ಇದನ್ನು ಹಚ್ಚಿ, ಸರಾಸರಿಯಲ್ಲಿ ಅತ್ಯುತ್ತಮದ 0.878 ಪಾಲಿಗಿಂತ ಕಡಿಮೆ ಸಿಗದು ಎಂಬ ಖಾತ್ರಿ ಕೊಟ್ಟರು. ನಮ್ಮ ಕೆಲಸಕ್ಕೆ ಹತ್ತಿರದ್ದೆಂದರೆ 2015ರಲ್ಲಿ ಕುನಾಲ್ ಚೌಧುರಿ, ಯೂಹಾವ್ ಖೂ ಮತ್ತು ಅಮಿತ್ ಸಿಂಗರ್ ಪ್ರಕಟಿಸಿದ ಲೇಖನ. ಎರಡಲ್ಲ, ಹಲವು ಬಿಂದುಮೋಡಗಳನ್ನು ಒಟ್ಟಿಗೇ ಹೊಂದಿಸುವುದಕ್ಕೆ ಅವರು ಇದೇ ಕೋಷ್ಟಕದ ಉಪಾಯ ಹಚ್ಚಿದರು. ಚೌಧುರಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಪಾಠ ಮಾಡುವವರು. ದೂರದ ಬೆಟ್ಟ ನುಣ್ಣಗೆ ಎಂದು ಎಲ್ಲೆಲ್ಲೋ ನೋಡುತ್ತೇವೆ, ಮಲ್ಲೇಶ್ವರದ ಪಕ್ಕದ ಬೆಟ್ಟ ನೋಡುವುದಿಲ್ಲ.

ಆಮೇಲಿನವು ನಿಮಗೆ ಗೊತ್ತಿರುವ ಹೆಸರುಗಳು. 2016ರಲ್ಲಿ ಡೇವಿಡ್ ರೋಸೆನ್, ಲೂಕಾ ಕಾರ್ಲೋನೆ, ಅಫೊನ್ಸೊ ಬಂಡೇರಾ, ಜಾನ್ ಲೆನರ್ಡ್ ಅವರ ‘ಎಸ್‌ಇ-ಸಿಂಕ್’: ರೋಬೋಟ್ ನಡೆದ ದಾರಿಯ ಸಾವಿರಾರು ನಿಲುವುಗಳನ್ನು ಒಂದೇ ಏಟಿಗೆ ಹೊಂದಿಸಿ, ಅಳತೆಯ ಗದ್ದಲ ಒಂದು ಮಿತಿಯೊಳಗಿದ್ದರೆ ಸಿಕ್ಕಿದ್ದೇ ಅತ್ಯುತ್ತಮ ಎಂದು ರುಜುವಾತು ಕೊಡುತ್ತದೆ. ಕೆಲವು ವರ್ಷಗಳ ಬಳಿಕ ಹೆಂಗ್ ಯಾಂಗ್, ಜಿಂಗ್ನಾನ್ ಶಿ ಮತ್ತು ಕಾರ್ಲೋನೆ ಅವರ ‘ಟೀಸರ್’: ಜೋಡಿಗಳಲ್ಲಿ 99 ಪ್ರತಿಶತಕ್ಕೂ ಹೆಚ್ಚು ಸುಳ್ಳಾಗಿದ್ದ ಪರೀಕ್ಷೆಗಳಲ್ಲೂ ಬಿಂದುಮೋಡಗಳನ್ನು ಸರಿಯಾಗಿ ಕೂಡಿಸಿದ್ದು.

ಇಷ್ಟೆಲ್ಲ ಹೆಸರು ಹೇಳಿದ್ದು ನಿಮ್ಮನ್ನು ಬೆದರಿಸಲು ಅಲ್ಲ. ಇವರೆಲ್ಲರಿಂದ ನಾವು ಪಡೆಯಬೇಕಾದ ವಸ್ತು ಒಂದೇ: ತಾಳೆ.

ಅಂಗಡಿಯ ಲೆಕ್ಕ, ಬ್ಯಾಂಕಿನ ಲೆಕ್ಕ, ಮದುವೆ ಮನೆಯ ಮುಯ್ಯಿ ಪುಸ್ತಕ ಎಲ್ಲದಕ್ಕೂ ನಾವು ತಾಳೆ ನೋಡುತ್ತೇವೆ. ಒಂದು ದಾರಿಯಲ್ಲಿ ಬಂದ ಮೊತ್ತವನ್ನು ಬೇರೊಂದು ದಾರಿಯಲ್ಲಿ ಬಂದ ಮೊತ್ತದೊಂದಿಗೆ ಹೋಲಿಸುತ್ತೇವೆ. ಪೀನ ಸಡಿಲಿಕೆ ಕೊಡುವುದು ಈ ಎರಡನೆಯ ಮೊತ್ತವನ್ನು. ತರ್ಕ ಇಷ್ಟೇ: ಇಡೀ ತಾಲ್ಲೂಕಿನಲ್ಲಿ ಭತ್ತದ ಅತಿ ಕಡಿಮೆ ಬೆಲೆ ನಮ್ಮೂರಿನ ಅತಿ ಕಡಿಮೆ ಬೆಲೆಗಿಂತ ಹೆಚ್ಚಾಗಿರಲು ಸಾಧ್ಯವಿಲ್ಲ, ಏಕೆಂದರೆ ನಮ್ಮೂರು ತಾಲ್ಲೂಕಿನೊಳಗೇ ಇದೆ. ತಟ್ಟೆಯ ಮೇಲಿನ ಅತಿ ಸಣ್ಣ ದೋಷವೂ ಹಾಗೆಯೇ, ಬಳೆಯ ಮೇಲಿನ ಅತಿ ಸಣ್ಣ ದೋಷವನ್ನು ಮೀರುವುದಿಲ್ಲ. ಇದರಿಂದ ಒಂದು ನೆಲ ಸಿಕ್ಕಿತು. ಇದಕ್ಕಿಂತ ಕೆಳಗೆ ಯಾರಿಂದಲೂ ಇಳಿಯಲಾಗದು. ನಿಮ್ಮ ಐಸಿಪಿ ತಂದ ದೋಷ 42, ಸಡಿಲಿಸಿದ ಲೆಕ್ಕದ ನೆಲ 41.9 ಎಂದಿಟ್ಟುಕೊಳ್ಳಿ. ಇನ್ನು ಹುಡುಕುವ ಅಗತ್ಯವಿಲ್ಲ, ಯಾರು ಎಷ್ಟೇ ಹೆಣಗಿದರೂ ಉಳಿಸುವುದು 0.1 ಮಾತ್ರ. ನೆಲ 12 ಎಂದು ಬಂದರೆ? ಒಂದೋ ನೀವು ತಗ್ಗಿನಲ್ಲಿ ಸಿಕ್ಕಿಬಿದ್ದಿದ್ದೀರಿ, ಇಲ್ಲವೇ ಸಡಿಲಿಕೆ ಅತಿ ಸಡಿಲವಾಯಿತು. ಎರಡರಲ್ಲಿ ಯಾವುದೆಂದು ಹೇಳಲಾಗದಿದ್ದರೂ, ‘ಕನ್ವರ್ಜ್ ಆಯಿತು’ ಎಂದು ಮಲಗಲು ಹೋಗುವವನನ್ನು ಭುಜ ಹಿಡಿದು ಕೂರಿಸಲು ಅಷ್ಟು ಸಾಕು. ಕಲ್ಯಾಣಿಯ ರಾತ್ರಿ ನನಗೆ ಬೇಕಿದ್ದುದು ಅದೇ ಕೈ.

ತಾಳೆ ನೋಡುವುದು ಹೊಸ ಕಾಲದ ಚಾಳಿಯೇನಲ್ಲ. ಭೂಮಾಪಕ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಒಂದು ಆಧಾರರೇಖೆ ಅಳೆದು, ಅಲ್ಲಿಂದ ತ್ರಿಕೋನಗಳನ್ನು ಹೆಣೆಯುತ್ತ ಪಶ್ಚಿಮಕ್ಕೆ ಬಂದ. ಬೆಟ್ಟದ ತುದಿಗಳಿಂದ ಕೋನ ಅಳೆದರೆ ಸಾಕು, ಉದ್ದಗಳೆಲ್ಲ ಲೆಕ್ಕದಿಂದಲೇ ಸಿಗುತ್ತಿದ್ದವು. ಆದರೂ 1804ರಲ್ಲಿ ಬೆಂಗಳೂರಿನ ಹತ್ತಿರ ಸುಮಾರು ಏಳು ಮೈಲಿ ಉದ್ದದ ಇನ್ನೊಂದು ರೇಖೆಯನ್ನು ನೆಲದ ಮೇಲೆ ಸರಪಳಿ ಹಾಸಿ ಅಳೆಯಿಸಿದ. ಹೊಸ ಜಾಗದ ಮಾಹಿತಿಗಾಗಿ ಮಾಡಿದ ಖರ್ಚಲ್ಲ ಅದು, ತಾಳೆಗಾಗಿ ಮಾಡಿದ್ದು. ಲೆಕ್ಕ ಹೇಳಿದ ಉದ್ದಕ್ಕೂ ಸರಪಳಿ ಹೇಳಿದ ಉದ್ದಕ್ಕೂ ಬಂದ ಅಂತರ ಕೆಲವೇ ಅಂಗುಲ. ಆ ಕೆಲವು ಅಂಗುಲ ಇಲ್ಲದೆ ಅಷ್ಟೂ ತ್ರಿಕೋನಗಳು ಚೆಂದದ ಚಿತ್ರ ಮಾತ್ರವಾಗಿ ಉಳಿಯುತ್ತಿದ್ದವು, ನನ್ನ ಹತ್ತೊಂಬತ್ತು ಮೆಟ್ಟಿಲಿನ ಚಿತ್ರದಂತೆ.

ಈಗ ಈ ವಿದ್ಯೆಯ ಹುಳುಕುಗಳನ್ನೂ ಹೇಳಿಬಿಡಬೇಕು. ಮಾರಾಟಕ್ಕೆ ನಿಂತವನಂತೆ ಬರೀ ಗುಣ ಹಾಡಿದರೆ ನೀವು ನಂಬಬಾರದು.

ಮೊದಲನೆಯದು ಭಾರ. ಸುಳ್ಳು ಜೋಡಿಗಳ ನಡುವೆ ತಿರುವು ಹುಡುಕುವ ಒಂದು ಪ್ರಸಿದ್ಧ ಸಡಿಲಿಕೆಯಲ್ಲಿ, ಜೋಡಿಗಳ ಸಂಖ್ಯೆಗೆ ಒಂದು ಸೇರಿಸಿ ನಾಲ್ಕರಿಂದ ಗುಣಿಸಿದಷ್ಟು ಕೋಷ್ಟಕದ ಪಕ್ಕದ ಅಳತೆ. 100 ಜೋಡಿಗೆ 404. ಅಡ್ಡ ಉದ್ದ ಸೇರಿ 1,63,216 ಮನೆಗಳು. 1,000 ಜೋಡಿಗೆ ಪಕ್ಕ 4,004, ಮನೆಗಳು 1 ಕೋಟಿ 60 ಲಕ್ಷ ದಾಟುತ್ತವೆ. ಓಡುವ ವಾಹನದ ಮೇಲೆ ಸೆಕೆಂಡಿಗೆ ಹತ್ತು ಸಲ ಇದನ್ನು ಬಿಡಿಸುವ ಮಾತು ಬೇಡ. ಅದಕ್ಕೇ ಬಲ್ಲವರು ಕೆಲಸ ಹಂಚುತ್ತಾರೆ: ಉತ್ತರವನ್ನು ಯಾವುದಾದರೂ ಚುರುಕಾದ ವಿಧಾನದಿಂದ ಪಡೆದು, ಸಡಿಲಿಕೆಯ ಗಣಿತವನ್ನು ತಾಳೆಗೆ ಮಾತ್ರ ಕೂರಿಸುತ್ತಾರೆ. ಉತ್ತರ ಹುಡುಕುವುದಕ್ಕಿಂತ ಸಿಕ್ಕಿದ ಉತ್ತರ ಸರಿಯೇ ಎಂದು ನೋಡುವುದು ಹಗುರ. ಟೀಸರ್‌ನ ವೇಗದ ರೂಪ ನಡೆಯುವುದು ಹೀಗೆ. ಎಸ್‌ಇ-ಸಿಂಕ್ ಇನ್ನೊಂದು ಬಗೆಯಲ್ಲಿ, 2003ರ ಬ್ಯೂರರ್–ಮೊಂಟೇರೊ ಉಪಾಯ ಹಿಡಿದು ದೊಡ್ಡ ಕೋಷ್ಟಕದ ಬದಲು ಅದರ ತೆಳ್ಳನೆಯ ಅಪವರ್ತನವನ್ನಷ್ಟೇ ಹೊತ್ತು ನಡೆಯುತ್ತದೆ.

ಎರಡನೆಯದು, ಸಡಿಲಿಕೆ ಯಾವಾಗಲೂ ಬಿಗಿಯಾಗುವುದಿಲ್ಲ. ಅಳತೆಯಲ್ಲಿ ಗದ್ದಲ ಹೆಚ್ಚಿದರೆ, ದೊಡ್ಡ ಕೋಷ್ಟಕದ ಲೆಕ್ಕದಲ್ಲಿ ಉತ್ತರ ಮೂಲ ನಿಯಮಕ್ಕೆ ಮರಳದೆ ಬೇರೆಲ್ಲೋ ನಿಂತುಬಿಡುತ್ತದೆ. ಕೋಷ್ಟಕದ ರ‍್ಯಾಂಕ್ 1 ಬರುವುದಿಲ್ಲ. ಹಲವರು ಇದನ್ನು ಸೋಲು ಎಂದುಕೊಂಡು ಮುಚ್ಚಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಕಲ್ಯಾಣಿಯಲ್ಲಿ ದೀಪದ ಗೂಡೇ ಇರಲಿಲ್ಲ, ಮೆಟ್ಟಿಲುಗಳೆಲ್ಲ ಅಚ್ಚು ಹೊಯ್ದಂತೆ ಒಂದೇ ಥರ ಇದ್ದವು ಎಂದಿಟ್ಟುಕೊಳ್ಳಿ. ಆಗ ಹದಿನೆಂಟರ ಉತ್ತರವೂ ಹತ್ತೊಂಬತ್ತರ ಉತ್ತರವೂ ಸಮ. ಐಸಿಪಿ ಎರಡರಲ್ಲಿ ಒಂದನ್ನು ಹಿಡಿದು ಎದೆ ತಟ್ಟಿಕೊಂಡು ಹೇಳುತ್ತದೆ. ಸಡಿಲಿಸಿದ ಲೆಕ್ಕವನ್ನು ಒಳಗಿನಿಂದ ಹಾಯುವ ವಿಧಾನದಲ್ಲಿ ಬಿಡಿಸಿದರೆ ಎರಡರ ಮಿಶ್ರಣ ಸಿಗುತ್ತದೆ, ರ‍್ಯಾಂಕ್ ಒಂದಕ್ಕಿಂತ ಹೆಚ್ಚಾಗುತ್ತದೆ. ಗಣಿತ ತನ್ನ ಭಾಷೆಯಲ್ಲಿ ‘ಇಲ್ಲಿಗೆ ನನ್ನ ಕೈಯಲ್ಲಿ ಆಗದು, ಇನ್ನೊಂದು ಅಳತೆ ತನ್ನಿ’ ಎನ್ನುವುದು ಹೀಗೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವ ಯಂತ್ರ ಸುಳ್ಳು ಹೇಳುವ ಯಂತ್ರಕ್ಕಿಂತ ಮೇಲಲ್ಲವೇ?

ಮೂರನೆಯದು ಎಲ್ಲಕ್ಕಿಂತ ಮುಖ್ಯ. ತಾಳೆಯಾಯಿತು ಎಂದರೆ ನೀವು ಬರೆದ ದೋಷದ ಸೂತ್ರಕ್ಕೆ ಇದೇ ತಳ ಎಂದಷ್ಟೇ ಅರ್ಥ. ಸೂತ್ರವೇ ತಪ್ಪಾಗಿದ್ದರೆ, ತಪ್ಪಿನ ತಳವನ್ನೇ ರುಜುವಾತಿನೊಂದಿಗೆ ಮುಟ್ಟಿರುತ್ತೀರಿ. ಸುಳ್ಳು ಜೋಡಿಗಳು ಚೆಲ್ಲಾಪಿಲ್ಲಿಯಾಗಿದ್ದರೆ ನೂರಕ್ಕೆ 99 ಇದ್ದರೂ ಸೋಲಿಸಬಹುದು, ಏಕೆಂದರೆ ಒಂದು ಸುಳ್ಳಿಗೂ ಇನ್ನೊಂದಕ್ಕೂ ಹೊಂದಿಕೆಯಿಲ್ಲ. ಆದರೆ ನನ್ನ ಮೆಟ್ಟಿಲುಗಳಂತೆ ಸುಳ್ಳುಗಳೆಲ್ಲ ಮಾತಾಡಿಕೊಂಡು ಒಂದೇ ಕಡೆಗೆ ಜಾರಿದರೆ, ಬಹುಮತ ಅವುಗಳ ಕಡೆಗಿದ್ದರೆ, ಯಾವ ಸಡಿಲಿಕೆಯೂ ಕಾಪಾಡದು. ಆಗ ಜಗಲಿಯ ಮೇಲೆ ಕೂತು ಬೆರಳಿಟ್ಟು ಎಣಿಸುವ ಹಿರಿಯರೇ ಬೇಕು.

ಹಾಗಾಗಿ ನಿಮ್ಮಲ್ಲಿ ನನ್ನ ಕೇಳಿಕೆ ದೊಡ್ಡದೇನಲ್ಲ. ವರದಿಯಲ್ಲಿ ದೋಷದ ಅಂಕಿ ಬರೆಯುವಾಗ ಅದರ ಪಕ್ಕದಲ್ಲಿ ನೆಲದ ಅಂಕಿಗೂ ಒಂದು ಮನೆ ಬಿಡಿ. ಲೆಕ್ಕ ಹಾಕಲು ಸಮಯವಿರಲಿಲ್ಲವೇ? ಆ ಮನೆಯನ್ನು ಖಾಲಿ ಬಿಡಿ, ಅಳಿಸಬೇಡಿ. ಖಾಲಿ ಮನೆ ಓದುವವನಿಗೆ ಎಚ್ಚರಿಕೆ. ಸಡಿಲಿಕೆ ಬಿಗಿಯಾಗದ ಕಡೆಗಳನ್ನು ನಕ್ಷೆಯ ಮೇಲೆ ಬೇರೆ ಬಣ್ಣದಲ್ಲಿ ಗುರುತಿಸಿ. ಮತ್ತೆ ಸ್ಕ್ಯಾನರ್ ಹೊತ್ತು ಹೋಗಬೇಕಾದ ಜಾಗ ಅದೇ. ಪಾಠ ಹೇಳುವವರು ನಿಮ್ಮಲ್ಲಿದ್ದರೆ ಮಕ್ಕಳಿಗೆ ಮೊದಲ ದಿನವೇ ಐಸಿಪಿ ಕೊಡಬೇಡಿ. ಒಂದು ತಟ್ಟೆ, ಒಂದು ಬಳೆ, ಒಂದು ಹಿಡಿ ಕಡಲೆ ಕೊಡಿ. ಅಂಚಿಗೆ ಹೋದ ಕಾಳು ಏಕೆ ಹೋಯಿತೆಂದು ಅವರೇ ಕಾಗದದ ಮೇಲೆ ಬಿಡಿಸಲಿ. ಉಳಿದ ಕಡಲೆ ತಿನ್ನಲಿ.

ಕೊನೆಗೆ ಕಲ್ಯಾಣಿಯ ಸುದ್ದಿ. ತಿದ್ದಿದ ನಕ್ಷೆ ಹಿಡಿದು ಮತ್ತೆ ಆ ಊರಿಗೆ ಹೋಗಿದ್ದೆ. ಆ ಹಿರಿಯರು ಕಾಗದ ಮುಟ್ಟಲಿಲ್ಲ. “ಬನ್ನಿ” ಎಂದು ಕರೆದುಕೊಂಡು ಹೋಗಿ ಕಲ್ಯಾಣಿಗೆ ಇಳಿದರು. ಒಂದೊಂದು ಮೆಟ್ಟಿಲಿಗೂ ಕಾಲಿಟ್ಟು ಜೋರಾಗಿ ಎಣಿಸುತ್ತ ಹೋದರು, ನಾನು ಹಿಂದೆ. ದೀಪದ ಗೂಡಿನ ಹತ್ತಿರ ನಿಂತು ಅದರೊಳಗೆ ಕೈಹಾಕಿ ಒಣಗಿದ ಎಲೆ ತೆಗೆದರು. ಹದಿನೆಂಟಕ್ಕೆ ತಳ ಬಂತು. ಅಲ್ಲಿ ನಿಂತು ಒಣ ಕೆಸರನ್ನು ಒಮ್ಮೆ ಕಾಲಿನಿಂದ ಒತ್ತಿ ನೋಡಿದರು, ಇನ್ನೂ ಕೆಳಗೆ ಮೆಟ್ಟಿಲು ಹೂತಿಲ್ಲವಷ್ಟೇ ಎಂದು ಖಾತ್ರಿ ಮಾಡಿಕೊಳ್ಳುವಂತೆ. ವರ್ಷವರ್ಷವೂ ತಾವೇ ಹೂಳೆತ್ತುವ ಕಲ್ಯಾಣಿಯಲ್ಲೂ ತಳವನ್ನು ಒತ್ತಿ ನೋಡದೆ ಬಿಡಲಿಲ್ಲ.

ಇಂತಿ ನಿಮ್ಮವ,
ಒಂದು ಮೆಟ್ಟಿಲು ಹೆಚ್ಚಿಗೆ ಕಟ್ಟಿದವ